ಲಕ್ವದ ನಂತರದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ದಿನನಿತ್ಯದ ಬದುಕು ಹೇಗಿದೆ ಎಂಬುದನ್ನು ಅವರ ಬಾಯಿಂದಲೇ ತಿಳಿಯಲು ಬಳಸುವ ಪ್ರಶ್ನಾವಳಿಗಳಲ್ಲಿ ‘ಸ್ಟ್ರೋಕ್ ಇಂಪ್ಯಾಕ್ಟ್ ಸ್ಕೇಲ್’ ಮುಖ್ಯವಾದದ್ದು. ಅಮೆರಿಕದ ಪಮೇಲಾ ಡಂಕನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಈ ಮಾಪಕದ ಮೂರನೆಯ ಆವೃತ್ತಿಯಲ್ಲಿ 8 ವಿಭಾಗಗಳೂ 59 ಪ್ರಶ್ನೆಗಳೂ ಇವೆ. ಇಂಥ ಪಟ್ಟಿಯನ್ನು ಕನ್ನಡಕ್ಕೆ ತರಲು ಕುಳಿತಾಗ ನಾನು ಮೊದಲು ಎಡವಿದ್ದು ಊಟದ ಪ್ರಶ್ನೆಯಲ್ಲಿ: ಚಾಕು ಮತ್ತು ಫೋರ್ಕಿನಿಂದ ಆಹಾರ ಕತ್ತರಿಸಿಕೊಳ್ಳುವುದು ನಿಮಗೆ ಎಷ್ಟು ಕಷ್ಟ?

‘ಅನ್ನ ಕಲಸಿ ಉಣ್ಣುವುದು’ ಎಂದು ಬದಲಿಸಿದರೆ ಮುಗಿಯಿತಲ್ಲ ಎನಿಸುತ್ತದೆ. ಆದರೆ ಚಾಕು, ಫೋರ್ಕು ಹಿಡಿಯಲು ಎರಡೂ ಕೈ ಬೇಕು. ಒಂದು ಅದುಮಿ ಹಿಡಿಯಬೇಕು, ಇನ್ನೊಂದು ಕೊಯ್ಯಬೇಕು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಲು ಬಲಗೈ ಒಂದೇ ಸಾಕು. ಎಡಭಾಗಕ್ಕೆ ಲಕ್ವ ಹೊಡೆದವರು ಈ ಪ್ರಶ್ನೆಗೆ ‘ಏನೂ ಕಷ್ಟವಿಲ್ಲ’ ಎನ್ನುತ್ತಾರೆ, ಅಂಕ ಏರುತ್ತದೆ, ಎಡಗೈ ಮಾತ್ರ ಮೊದಲಿನಂತೆಯೇ ಇರುತ್ತದೆ. ರೊಟ್ಟಿ ಮುರಿಯುವುದೂ ರೂಢಿಯಿದ್ದವರಿಗೆ ಒಂಟಿಗೈ ಕೆಲಸ. ತರಕಾರಿ ಹೆಚ್ಚುವುದನ್ನು ಸೇರಿಸೋಣವೆಂದರೆ ಹುಟ್ಟಿದಾಗಿನಿಂದ ಈಳಿಗೆಮಣೆ ಮುಟ್ಟದ ಗಂಡಸರು ನಮ್ಮಲ್ಲಿ ಧಾರಾಳವಾಗಿ ಸಿಗುತ್ತಾರೆ. ನನ್ನ ಮಟ್ಟಿಗೆ ಕಿತ್ತಳೆ ಹಣ್ಣು ಸುಲಿಯುವುದು ಹೆಚ್ಚು ಹತ್ತಿರದ ಕೆಲಸ.

ಬಾಗಿಲ ಗುಂಡುಹಿಡಿ (ಡೋರ್‌ನಾಬ್) ತಿರುಗಿಸುವ ಪ್ರಶ್ನೆಯೂ ಹೀಗೆಯೇ. ಅದು ಮುಂಗೈ ಹೊರಳುವುದನ್ನು ಕೇಳುತ್ತದೆ. ಚಿಲಕ ಎಳೆಯುವಾಗ ಮುಂಗೈ ಹಾಗೆ ಹೊರಳುವುದಿಲ್ಲ, ನಲ್ಲಿ ತಿರುಗಿಸುವಾಗ ಹೊರಳುತ್ತದೆ. ಇನ್ನೊಂದು ಪ್ರಶ್ನೆ ಡೈಮ್ ಎಂಬ ಅಮೆರಿಕದ ನಾಣ್ಯವನ್ನು ಎತ್ತುವುದರ ಬಗ್ಗೆ. ಅದು ಸುಮಾರು 18 ಮಿಲಿಮೀಟರ್ ಅಗಲದ್ದು. ನಮ್ಮ ಒಂದು ರೂಪಾಯಿ ನಾಣ್ಯ ಅದಕ್ಕಿಂತ ದೊಡ್ಡದಾದ್ದರಿಂದ ಎತ್ತುವುದು ತುಸು ಸುಲಭ.

ಇಂಥ ಕೆಲಸಕ್ಕೆ ಬೀಟನ್ ಮತ್ತು ಸಂಗಡಿಗರು 2000ದಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಹೆಚ್ಚಿನವರು ಅನುಸರಿಸುತ್ತಾರೆ: ಇಬ್ಬರು ಬೇರೆಬೇರೆಯಾಗಿ ಅನುವಾದಿಸಿ ಒಂದು ಪಠ್ಯಕ್ಕೆ ಬರುವುದು, ಮೂಲವನ್ನು ನೋಡದ ಇನ್ನಿಬ್ಬರು ಅದನ್ನು ಮರಳಿ ಮೂಲಭಾಷೆಗೆ ತರುವುದು, ತಜ್ಞರ ಸಮಿತಿ ಎಲ್ಲವನ್ನೂ ಎದುರಿಟ್ಟುಕೊಂಡು ತೀರ್ಮಾನಿಸುವುದು, ಕೊನೆಗೆ 30ರಿಂದ 40 ಜನರಲ್ಲಿ ಪರೀಕ್ಷಿಸುವುದು. ಇದರಲ್ಲಿ ಮರು ಅನುವಾದಕ್ಕೆ ಸಲ್ಲುವ ಗೌರವ ಅತಿಯಾಯಿತೆಂಬುದು ನನ್ನ ಅನಿಸಿಕೆ. ‘ನಲ್ಲಿ’ ಎಂದು ಬರೆದರೆ ಅದು ಮೂಲಕ್ಕೆ ಹೊಂದಲಿಲ್ಲವೆಂದು ಗುರುತು ಬೀಳುತ್ತದೆ. ‘ಗುಂಡುಹಿಡಿ’ ಎಂಬ, ಯಾರ ಮನೆಯಲ್ಲೂ ಕೇಳಿಬರದ ಪದ ಸಲೀಸಾಗಿ ಪಾಸಾಗುತ್ತದೆ.

ಉತ್ತರದ ಆಯ್ಕೆಗಳು ಇನ್ನೂ ಕಾಡುತ್ತವೆ. ಮೂಲದಲ್ಲಿ ಕಷ್ಟಕ್ಕೆ ಐದು ಮೆಟ್ಟಿಲುಗಳಿವೆ. ಅವುಗಳಲ್ಲಿ ಎರಡನೆಯದನ್ನು ‘ಸ್ವಲ್ಪ’ ಎಂದೂ ಮೂರನೆಯದನ್ನು ‘ಸ್ವಲ್ಪ ಮಟ್ಟಿಗೆ’ ಎಂದೂ ಬರೆದರೆ ಓದಿ ಹೇಳಿಸಿಕೊಳ್ಳುವ ಅಜ್ಜನಿಗೆ ಎರಡೂ ಒಂದೇ. ‘ಸುಮಾರು’ ಎಂದರೆ ಕೆಲವರಿಗೆ ಸಾಧಾರಣ, ಕೆಲವರಿಗೆ ಬಹಳ. ‘ಕಷ್ಟ’ ಎಂದೊಡನೆ ಸಾಲ, ಮಳೆ, ಮಗಳ ಮದುವೆಯ ಮಾತು ಶುರುವಾಗುವುದೂ ಉಂಟು. ಉತ್ತರ ಕರ್ನಾಟಕದವರಿಗೆ ‘ತ್ರಾಸ’ ಎಂದರೆ ತಟ್ಟನೆ ತಿಳಿಯುತ್ತದೆ. ಹಾಗಾಗಿ ಪದಗಳ ಜೊತೆಗೆ ಖಾಲಿಯಿಂದ ತುಂಬಿದವರೆಗಿನ ಐದು ಲೋಟಗಳ ಚಿತ್ರ ತೋರಿಸಿ ಬೆರಳಿಡಲು ಹೇಳುವುದು ನನಗೆ ಒಗ್ಗಿದೆ, ಮಾತು ತೊದಲುವವರಿಗೂ ಅದರಿಂದ ಅನುಕೂಲ.

ಪರೀಕ್ಷೆಯ ಹಂತದಲ್ಲಿ ಉತ್ತರ ಬರೆದುಕೊಂಡು ಮುಂದೆ ಹೋಗಬಾರದು. ಪ್ರಶ್ನೆ ಏನು ಕೇಳಿತು ಎಂಬುದನ್ನು ಅವರ ಮಾತಿನಲ್ಲೇ ಹೇಳಿಸಬೇಕು. ಸ್ನಾನದ ಪ್ರಶ್ನೆಗೆ ‘ಮಾಡಿಕೊಳ್ಳೋದಿಲ್ಲ’ ಎಂದ ಹಿರಿಯರೊಬ್ಬರನ್ನು ಮತ್ತೆ ಕೇಳಿದಾಗ, ಸೊಸೆ ಬಿಡುವುದಿಲ್ಲ, ಬಿದ್ದುಬಿಟ್ಟೀರಿ ಎನ್ನುತ್ತಾಳೆ ಎಂಬ ವಿವರಣೆ ಬಂತು. ಅವರಿಗೆ ಆಗದು ಎಂದು ಅಂಕ ಹಾಕಿದ್ದರೆ ಅಳೆದಂತಾಗುತ್ತಿದ್ದುದು ಸೊಸೆಯ ಭಯವನ್ನು.

ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಗಳೂ ಇವೆ: ನೆಲದ ಮೇಲೆ ಕುಳಿತು ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು, ಎಡಗೈ ಬಿದ್ದುಹೋದಾಗ ಶೌಚಕ್ಕೂ ಊಟಕ್ಕೂ ಒಂದೇ ಕೈಯಾಗುವುದು. ಈ ಕೊನೆಯದನ್ನು ಜನ ತಾವಾಗಿ ಹೇಳುವುದಿಲ್ಲ, ಕೇಳಿದರೆ ತಲೆ ತಗ್ಗಿಸುತ್ತಾರೆ. ಇವನ್ನು ಮೂಲದ 59ರೊಳಗೆ ತುರುಕಿದರೆ ಬೇರೆ ಭಾಷೆಗಳ ಅಂಕಗಳೊಂದಿಗೆ ಹೋಲಿಕೆ ಕೆಡುತ್ತದೆ. ಆದ್ದರಿಂದ ನಾವು ಇವನ್ನು ಪ್ರತ್ಯೇಕ ಹಾಳೆಯಲ್ಲಿಟ್ಟು, ಅಂಕಕ್ಕೆ ಸೇರಿಸದೆ, ಚಿಕಿತ್ಸೆಯ ಗುರಿ ಬರೆಯುವಾಗ ಮೊದಲು ಆ ಹಾಳೆಯನ್ನೇ ತೆಗೆಯುತ್ತೇವೆ.