ಮೊದಲು ಡ್ರಮ್ಮು, ಆಮೇಲೆ ಬೋನು: ಮಲೆನಾಡಿನ ಕೋಳಿಗೂಡಿಗೆ ಇಲಿ ಬಾರದಂತೆ

ಕೋಳಿ ಒಡ್ಡಿಯಲ್ಲಿ ಇಲಿ ಕಂಡ ಕೂಡಲೇ ಹೆಚ್ಚಿನವರು ಪಾಷಾಣ ತರಲು ಹೋಗುತ್ತಾರೆ. ಈ ಟಿಪ್ಪಣಿಯಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ ಎಂದರೆ ಪಾಷಾಣದ ಸರದಿ ಕೊನೆಯದು. ರಾತ್ರಿಯಿಡೀ ಮೆಕ್ಕೆಜೋಳದ ನುಚ್ಚು, ತೌಡು, ಹಿಂಡಿ ತೊಟ್ಟಿಯಲ್ಲೇ ಬಿದ್ದಿದ್ದರೆ ಮೂಲೆಯಲ್ಲಿಟ್ಟ ವಿಷದ ಬಿಲ್ಲೆಯನ್ನು ಇಲಿ ಮೂಸಿಯೂ ನೋಡುವುದಿಲ್ಲ. ಆಹಾರ ಮುಚ್ಚುವುದು, ಗೂಡು ಭದ್ರ ಮಾಡುವುದು, ಆಮೇಲೆ ಹಿಡಿಯುವುದು: ಈ ಕ್ರಮ ತಪ್ಪಿದರೆ ಎಷ್ಟು ಕೊಂದರೂ ಖಾಲಿಯಾದ ಜಾಗಕ್ಕೆ ಬೇರೆ ಇಲಿ ಬರುತ್ತವೆ. ಹೆಣ್ಣಿಲಿ ಸುಮಾರು 3 ವಾರ ಗರ್ಭ ಹೊತ್ತು ಒಂದು ಸಲಕ್ಕೆ 6ರಿಂದ 10 ಮರಿ ಹಾಕುತ್ತದೆ, ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ಸಿದ್ಧವಾಗುತ್ತವೆ.

ನಷ್ಟದ ಲೆಕ್ಕ ಹೀಗೆ ಹಾಕಿ. ಇಲಿ ದಿನಕ್ಕೆ ತನ್ನ ತೂಕದ ಸುಮಾರು ಹತ್ತರಲ್ಲೊಂದು ಪಾಲು ತಿನ್ನುತ್ತದೆ. 200 ಗ್ರಾಂ ತೂಗುವ ಹತ್ತು ಇಲಿ ಇದ್ದರೆ ದಿನಕ್ಕೆ 200 ಗ್ರಾಂ, ತಿಂಗಳಿಗೆ 6 ಕೆ.ಜಿ. ಹಿತ್ತಲಲ್ಲಿ ಮೇಯುವ ನಾಟಿಕೋಳಿಗೆ ದಿನಕ್ಕೆ 50 ಗ್ರಾಂ ಕಾಳು ಹಾಕುವ ಮನೆಯಲ್ಲಿ ಇದು ನಾಲ್ಕು ಕೋಳಿಗಳ ಪಾಲು. ತಿಂದದ್ದಕ್ಕಿಂತ ಹಿಕ್ಕೆ, ಉಚ್ಚೆ ಬಿದ್ದು ಕೆಡುವುದೇ ಹೆಚ್ಚು. ಸಾಲ್ಮೊನೆಲ್ಲಾ ಎಂಬ ಕರುಳಿನ ರೋಗಾಣು ಕೋಳಿಗೆ ತಗಲುವ ದಾರಿಗಳಲ್ಲಿ ಇದೂ ಒಂದು. ಮನುಷ್ಯರಿಗೆ ಬರುವ ಇಲಿಜ್ವರದ ರೋಗಾಣು ಇಲಿಯ ಉಚ್ಚೆಯಿಂದ ಒದ್ದೆ ನೆಲಕ್ಕೆ, ನೀರಿಗೆ ಸೇರಿ, ಕಾಲಿನ ಗಾಯ, ಬಿರುಕುಗಳ ಮೂಲಕ ಒಳಹೊಗುತ್ತದೆ. ಜೂನ್‌ನಿಂದ ನೆಲ ಒಣಗದ ತೀರ್ಥಹಳ್ಳಿ, ಹೊಸನಗರದ ಕಡೆ ಬರಿಗಾಲಲ್ಲಿ ಗೂಡು ಗುಡಿಸುವುದು ನಿಜಕ್ಕೂ ಅಪಾಯ.

ಬಂದಿರುವುದು ಯಾವುದು?

ಉಪಾಯ ಬೇರೆಬೇರೆಯಾದ್ದರಿಂದ ಇದನ್ನು ತಿಳಿಯಲೇಬೇಕು. ಮನೆ ಇಲಿ ಮಾಡಿನಿಂದ ಬರುತ್ತದೆ. ಸೋಗೆ ಹೊದಿಕೆ, ಅಟ್ಟ, ತೆಂಗಿನ ತಲೆ ಅದರ ಜಾಗ. ಹಿಕ್ಕೆ ಸುಮಾರು 12 ಮಿ.ಮೀ. ಉದ್ದ, ಓಡಾಡುವ ತೊಲೆಯ ಮೇಲೆ ಮೈಯ ಜಿಡ್ಡಿನ ಕಪ್ಪು ಗೆರೆ ಇರುತ್ತದೆ. ಹೆಗ್ಗಣ ನೆಲದಿಂದ ಬರುತ್ತದೆ. ಅಗಲ ಬಿಲ, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ, ದಪ್ಪ ಹಿಕ್ಕೆ. ಅಕ್ಕಿಕಾಳಿನಷ್ಟೇ ಹಿಕ್ಕೆ ಕಂಡರೆ ಅದು ಚಿಕ್ಕ ಸುಂಡಿಲಿ. ಯಾವ ಬಿಲದಲ್ಲಿ ಜೀವವಿದೆ ಎಂದು ತಿಳಿಯಲು ಸಂಜೆ ಎಲ್ಲ ಬಿಲಗಳ ಬಾಯಿಗೆ ಸಡಿಲ ಮಣ್ಣು ಮುಚ್ಚಿ, ಬೆಳಿಗ್ಗೆ ತೆರೆದಿರುವುದನ್ನು ಎಣಿಸಿ. ಗೋಡೆಯಂಚಿಗೆ ಒಂದು ಗೇಣು ಅಗಲ ಬೂದಿ ಹರಡಿದರೆ ಹೆಜ್ಜೆಯ ಗುರುತು ದಾರಿಯನ್ನೂ ಹೇಳುತ್ತದೆ.

ಆಹಾರ ಇಡುವುದು

50 ಕೆ.ಜಿ. ಚೀಲವನ್ನು ಚೀಲದಲ್ಲೇ ಇಡುವುದು ಎಲ್ಲ ತೊಂದರೆಯ ಮೂಲ. ಪ್ಲಾಸ್ಟಿಕ್ ಡ್ರಮ್ ಕೂಡ ಸಾಲದು, ಅಂಚು ಸಿಕ್ಕಿದರೆ ಇಲಿ ಕಡಿಯುತ್ತದೆ. ಬಿಗಿ ಮುಚ್ಚಳದ, ಚೆನ್ನಾಗಿ ತೊಳೆದು ಒಣಗಿಸಿದ 200 ಲೀಟರ್ ಕಬ್ಬಿಣದ ಡ್ರಮ್ಮಿನಲ್ಲಿ ಎರಡು ಚೀಲ ಹಿಡಿಯುತ್ತದೆ. ಕೀಟನಾಶಕ ತುಂಬಿದ್ದ ಹಳೆ ಡ್ರಮ್ ಎಷ್ಟು ತೊಳೆದರೂ ಬೇಡ.

ಆದರೆ ಮಲೆನಾಡಿನಲ್ಲಿ ಕಬ್ಬಿಣದ ಡ್ರಮ್ಮಿಗೆ ತನ್ನದೇ ತೊಡಕುಂಟು. ಹಗಲು ಬಿಸಿಯಾಗಿ ರಾತ್ರಿ ತಣಿದಾಗ ಮುಚ್ಚಳದ ಒಳಗೆ ಬೆವರು ಕಟ್ಟಿ ಕಾಳಿನ ಮೇಲೆ ತೊಟ್ಟಿಕ್ಕುತ್ತದೆ. ಅಲ್ಲಿ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು, ಅದು ಕೋಳಿಯ ಯಕೃತ್ತನ್ನೇ ಕೆಡಿಸುತ್ತದೆ. ಅದಕ್ಕೇ ಡ್ರಮ್ಮನ್ನು ನೆರಳಲ್ಲಿ, ಇಟ್ಟಿಗೆಗಳ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೆ ಸಾಕಾಗುವಷ್ಟೇ ತನ್ನಿ. ತಳದ ಹಳೆಯದನ್ನು ಖಾಲಿ ಮಾಡದೆ ಹೊಸದು ಸುರಿಯಬೇಡಿ. ಗಂಟು ಕಟ್ಟಿದ, ಮುಗ್ಗಲು ವಾಸನೆಯ ಆಹಾರವನ್ನು ಒಣಗಿಸಿ ಹಾಕಿದರೂ ವಿಷ ಹೋಗುವುದಿಲ್ಲ.

ಸಂಜೆಯ ಕೆಲಸ

ಇಡೀ ಟಿಪ್ಪಣಿಯಲ್ಲಿ ಖರ್ಚಿಲ್ಲದ, ಫಲ ಹೆಚ್ಚಿರುವ ಕೆಲಸ ಇದು. ಕೋಳಿ ಕತ್ತಲಲ್ಲಿ ತಿನ್ನುವುದಿಲ್ಲ, ಕುಡಿಯುವುದೂ ಇಲ್ಲ. ಆದ್ದರಿಂದ ಕೋಳಿ ಗೂಡು ಸೇರಿದ ಮೇಲೆ ತೊಟ್ಟಿಯಲ್ಲಿ ಉಳಿದದ್ದನ್ನು ಡ್ರಮ್ಮಿಗೆ ಹಾಕಿ, ನೀರಿನ ಪಾತ್ರೆ ಕವುಚಿಡಿ. ಸಂಜೆಯ ಕಾಳನ್ನು ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಹಾಕಿ. ತೊಟ್ಟಿಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ತೂಗುಹಾಕಿ, ಮೂರನೇ ಒಂದು ಭಾಗ ಮಾತ್ರ ತುಂಬಿದರೆ ಕೆದಕಿ ಚೆಲ್ಲುವುದು ತುಂಬಾ ಕಡಿಮೆಯಾಗುತ್ತದೆ. ಮೊಟ್ಟೆ ದಿನಕ್ಕೆ ಎರಡು ಸಲ ತೆಗೆಯಿರಿ. ಕಾವಿಗೆ ಕೂತ ಹೇಂಟೆ, ಸಣ್ಣ ಮರಿಗಳಿದ್ದರೆ ಅವನ್ನು ರಾತ್ರಿ ಸಣ್ಣ ಕಣ್ಣಿನ ಮೆಶ್ (ತಂತಿ ಜಾಲರಿ) ಹಾಕಿದ ಪೆಟ್ಟಿಗೆಗೇ ಸೇರಿಸಬೇಕು. ಕತ್ತಲಲ್ಲಿ ಕಣ್ಣು ಕಾಣದ ತಾಯಿ ಮರಿಗಳನ್ನು ಉಳಿಸಿಕೊಳ್ಳಲಾರದು.

ಕೋಳಿ ಮೆಟ್ಟಿದರೆ ಮುಚ್ಚಳ ತೆರೆಯುವ ತೊಟ್ಟಿಗಳು ಒಳ್ಳೆಯವೇ. ಆದರೆ ದೊಡ್ಡ ಹೆಗ್ಗಣ ಒಂದು ಕೆ.ಜಿ. ಹತ್ತಿರ ತೂಗಬಲ್ಲದು. ಸ್ಪ್ರಿಂಗ್ ಸಡಿಲವಿದ್ದರೆ ಅದೂ ತೆರೆದುಕೊಂಡು ತಿನ್ನುತ್ತದೆ, ಬಿಗಿ ಮಾಡಿದರೆ ಎಳೆ ಕೋಳಿಗೆ ತೆರೆಯಲಾಗುವುದಿಲ್ಲ.

ಗೂಡಿನ ಕಟ್ಟಡ

ಷಟ್ಕೋನದ ಕೋಳಿ ಮೆಶ್ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಇಲಿಯನ್ನು ತಡೆಯುವುದಿಲ್ಲ. ಇಲಿಗೆ ಅರ್ಧ ಇಂಚಿನ ವೆಲ್ಡ್ ಮೆಶ್, ಸುಂಡಿಲಿಗೆ ಕಾಲು ಇಂಚಿನದು ಬೇಕು. ಬಾಗಿಲ ಕೆಳಗಿನ ಸಂದಿ 6 ಮಿ.ಮೀ. ಮೀರಬಾರದು. ಮರದ ಬಾಗಿಲಿನ ಕೆಳಗಿನ ಒಂದಡಿಗೆ ತಗಡು ಹೊಡೆಯಿರಿ. ಅಡಿಕೆ ದಬ್ಬೆಯ ಗೋಡೆಯಾದರೆ ಒಳಗಿನಿಂದ ಮೆಶ್ ಹೊಡೆಯದೆ ಬೇರೆ ದಾರಿಯಿಲ್ಲ.

ನೆಲದ ಗೂಡಿಗೆ ಮೆಶ್ಶನ್ನು ಗೋಡೆಯ ಬುಡದಲ್ಲಿ ಹೊರಕ್ಕೆ ಬಗ್ಗಿಸಿ, ಒಂದಡಿ ಅಗಲ ಹಾಸಿ, ಅದರ ಮೇಲೆ ನಾಲ್ಕೈದು ಇಂಚು ಮಣ್ಣು ಹಾಕಿ. ಹೆಗ್ಗಣ ಗೋಡೆಯ ಬುಡದಲ್ಲೇ ತೋಡಲು ತೊಡಗುತ್ತದೆ, ಮೆಶ್ ಅಡ್ಡ ಬಂದಾಗ ಒಂದಡಿ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಮಳೆಯ ಮಣ್ಣಿನಲ್ಲಿ ಮೆಶ್ ತುಕ್ಕು ಹಿಡಿಯುವುದರಿಂದ ಪ್ರತಿ ಬೇಸಿಗೆ ಒಂದೆರಡು ಕಡೆ ಕೆದರಿ ನೋಡಿ. ಕಂಬದ ಮೇಲಿನ ಗೂಡಿಗೆ ಪ್ರತಿ ಕಂಬದಲ್ಲೂ ನೆಲದಿಂದ ಮೂರಡಿ ಎತ್ತರದಲ್ಲಿ, ಸುತ್ತ ಒಂದಡಿ ಚಾಚಿದ ತಗಡಿನ ಆಲಿಕೆ ಕಟ್ಟಿ, ಅಗಲದ ಬಾಯಿ ಕೆಳಗಿರಲಿ. ಇಳಿಬಿಟ್ಟ ಏಣಿಯನ್ನು ರಾತ್ರಿ ತೆಗೆಯಲು ಮರೆತರೆ ಆಲಿಕೆ ದಂಡ. ಇಲಿ ಒಂದು ಮೀಟರಿಗೂ ಹೆಚ್ಚು ಅಡ್ಡ ಹಾರುತ್ತದೆ, ಹಾಗಾಗಿ ಮಾಡಿನಿಂದ ಐದಡಿ ಒಳಗಿನ ಕೊಂಬೆ ಕಡಿಯಿರಿ. ಮಳೆಗಾಲದ ಸೌದೆ, ಹುಲ್ಲಿನ ಕುತ್ರೆ, ದರಕಿನ ರಾಶಿ ಗೂಡಿಗೆ ಒತ್ತಿಕೊಂಡಿರಬಾರದು.

ಹಿಡಿಯುವುದು, ಕೊನೆಗೆ ವಿಷ

ಇಲಿಗೆ ಹೊಸ ವಸ್ತುವೆಂದರೆ ಅನುಮಾನ. ಬೋನಿಗೆ ಕೊಬ್ಬರಿ ಇಲ್ಲವೆ ಒಣಮೀನು ಕಟ್ಟಿ ಮೂರು ನಾಲ್ಕು ದಿನ ಹೂಡದೆ ಇಡಿ. ತಿನ್ನಲು ರೂಢಿಯಾದ ಮೇಲೆ ಎಲ್ಲವನ್ನೂ ಒಂದೇ ರಾತ್ರಿ ಹೂಡಿ. ಸ್ಪ್ರಿಂಗ್ ಬೋನಿನ ಆಹಾರದ ತುದಿ ಗೋಡೆಗೆ ತಾಗಿರಲಿ, ಇಲಿ ಗೋಡೆಯಂಚಿನಲ್ಲೇ ಓಡುತ್ತದೆ. ಒಂದೆರಡು ಬೋನು ಸಾಲದು, ಹತ್ತು ಹನ್ನೆರಡು ಬೇಕು. ಹೆಗ್ಗಣಕ್ಕೆ ದೊಡ್ಡ ಕಬ್ಬಿಣದ ಬೋನೇ ಆಗಬೇಕು.

ಜಿಂಕ್ ಫಾಸ್ಫೈಡ್ ಎಂಬ ಇಲಿ ಪಾಷಾಣ ಹೊಟ್ಟೆಯ ಆಮ್ಲಕ್ಕೆ ಸೇರಿ ಫಾಸ್ಫೀನ್ ಅನಿಲವಾಗಿ ಕೊಲ್ಲುತ್ತದೆ. ಅದಕ್ಕೆ ಪ್ರತಿವಿಷವಿಲ್ಲ, ಕೋಳಿಗೂ ಅಷ್ಟೇ ಮಾರಕ. ಕೋಳಿ ಓಡಾಡುವ ಹಿತ್ತಲಿಗೆ ಅದು ಬೇಡವೇ ಬೇಡ. ಇನ್ನೊಂದು ವಿಷವಾದ ಬ್ರೋಮಾಡಿಯೋಲೋನ್ 0.005% ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಇಲಿ ಸಾಯಲು ನಾಲ್ಕಾರು ದಿನ ಹಿಡಿಯುತ್ತದೆ. ಇದಕ್ಕೆ ವಿಟಮಿನ್ ಕೆ1 ಮದ್ದಿದೆ. ಇಡಲೇಬೇಕಾದರೆ ಎರಡಡಿ ಉದ್ದ, ಮೂರಿಂಚು ಅಗಲದ ಪಿವಿಸಿ ಪೈಪಿನ ನಡುವೆ ತಂತಿಯಿಂದ ಬಿಗಿದು, ಗೂಡಿನ ಹೊರಗೆ ಕಟ್ಟಿಡಿ. ಅಷ್ಟು ಒಳಕ್ಕೆ ಬೆಳೆದ ಕೋಳಿಯ ಕೊಕ್ಕು ಎಟುಕದು, ಸಣ್ಣ ಮರಿ ಮಾತ್ರ ಒಳಗೆ ಹೋಗಬಲ್ಲದು. ಹೆಗ್ಗಣ ನುಗ್ಗುವ ಕಡೆ ನಾಲ್ಕಿಂಚಿನ ಪೈಪು ಬೇಕಾದೀತು. ಸತ್ತ ಇಲಿಯನ್ನು ತಿಂದ ನಾಯಿ, ಬೆಕ್ಕು, ಗೂಬೆಗೂ ವಿಷ ಏರುವುದರಿಂದ ಬೆಳಿಗ್ಗೆ ಬೇಗ ಸುತ್ತಲೂ ಹುಡುಕಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಎರಡಡಿ ಆಳದಲ್ಲಿ ಹೂಳಿ.

ಒಣ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಬೂಟು ಹಾಕಿಕೊಂಡು ತೆಗೆಯಿರಿ. ಆ ಹೊತ್ತು ಕೋಳಿಗಳು ಹೊರಗಿರಲಿ. ಇಲಿಯ ಜಾಡು ಹಿಡಿದು ನಾಗರಹಾವು, ಕೇರೆಹಾವು ಗೂಡಿಗೆ ಬಂದಿರಬಹುದು, ಮೊಟ್ಟೆಯ ಬುಟ್ಟಿಗೆ ಟಾರ್ಚ್ ಬಿಡದೆ ಕೈ ಹಾಕಬೇಡಿ.

ಕಟ್ಟಡದ ಕೆಲಸ ಮೇ ಒಳಗೆ ಮುಗಿಯಬೇಕು, ಗದ್ದೆಯಲ್ಲಿ ನೀರು ನಿಂತಾಗ ಅಲ್ಲಿನ ಇಲಿ ಮನೆಯ ಕಡೆ ಹೊರಡುತ್ತವೆ. ಇನ್ನೊಂದು ಸಲ ಅವು ಬರುವುದು ಭತ್ತದ ಕೊಯ್ಲಾಗಿ ಗದ್ದೆ ಬರಿದಾದಾಗ. ಆಗ ಬಿಲ ಮುಚ್ಚಿ ಎಣಿಸುವ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡಿ.