ಪದ ಪರಿಚಯ: ಎಂಡೆಮಿಕ್ ಪ್ರಭೇದ

ಒಂದು ಜೀವಿ ಮನುಷ್ಯರ ನೆರವಿಲ್ಲದೆ ತಾನಾಗಿ ಬಂದು ನೆಲೆಸಿದ್ದರೆ ಅದು ಆ ಜಾಗದ ಸ್ಥಳೀಯ ಪ್ರಭೇದ. ಆ ಜಾಗ ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲೂ ಅದಕ್ಕೆ ಸಹಜ ನೆಲೆಯೇ ಇಲ್ಲದಿದ್ದರೆ ಅದು ಎಂಡೆಮಿಕ್. ಹಸಿರು ಕಡಲಾಮೆ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಮರಳಲ್ಲೂ ಮೊಟ್ಟೆಯಿಡುತ್ತದೆ, ಹಿಂದೂ ಮಹಾಸಾಗರದ ಸೇಷೆಲ್ಸ್ ದ್ವೀಪಗಳ ಮರಳಲ್ಲೂ ಇಡುತ್ತದೆ. ಎರಡೂ ಕಡೆ ಅದು ಸ್ಥಳೀಯ, ಎಲ್ಲಿಯೂ ಎಂಡೆಮಿಕ್ ಅಲ್ಲ. ಹಾರಲಾರದ ನೀರುಕಾಗೆಯಾದರೋ ಗ್ಯಾಲಪಗೋಸ್‌ನ ಇಸಬೆಲಾ, ಫರ್ನಾಂಡಿನಾ ಎಂಬ ಎರಡು ದ್ವೀಪಗಳ ದಡದಲ್ಲಷ್ಟೇ ಇದೆ. ಅಲ್ಲಿ ಅಳಿದರೆ ಮತ್ತೆ ತಂದು ಬಿಡಲು ಬೇರೆ ಕಡೆ ಹಕ್ಕಿಯೇ ಇರುವುದಿಲ್ಲ. (ರೋಗಗಳ ಸುದ್ದಿಯಲ್ಲಿ ಕೇಳಿಬರುವ ಎಂಡೆಮಿಕ್‌ನ ಅರ್ಥ ಬೇರೆ.)

ಇಂಥ ಪ್ರಭೇದಗಳು ದ್ವೀಪಗಳಲ್ಲೇ ಹೆಚ್ಚಲು ಕಾರಣ ದೂರ. ಬಿರುಗಾಳಿಗೆ ಸಿಕ್ಕ ನಾಲ್ಕಾರು ಹಕ್ಕಿ, ತೇಲುವ ದಿಮ್ಮಿ ಹಿಡಿದು ಬಂದ ಹಲ್ಲಿ, ಹಕ್ಕಿಯ ಹೊಟ್ಟೆಯಲ್ಲಿ ಬಂದ ಬೀಜ: ನಡುಗಡಲಿನ ಕಾಡು ಹೀಗೆ ಬಿಡಿಬಿಡಿಯಾಗಿ ಕೂಡಿದ್ದು. ಮೂಲ ಬಳಗದ ಜೊತೆ ಬೆರೆಯುವ ದಾರಿ ಮುಚ್ಚಿದ ಮೇಲೆ, ತಲೆಮಾರುಗಳು ಕಳೆದಂತೆ ಅವು ಬೇರೆಯೇ ಪ್ರಭೇದಗಳಾದವು. ಇಲಿ, ಬೆಕ್ಕು, ಹಂದಿಗಳು ಈಜಿ ಬರಲಾರದಷ್ಟು ದೂರದ ನೆಲದಲ್ಲಿ ಹೆದರುವ ಅಗತ್ಯವೂ ಕಡಿಮೆಯಾಯಿತು. ಎಷ್ಟೋ ಹಕ್ಕಿಗಳು ನೆಲದಲ್ಲೇ ಗೂಡು ಮಾಡಿದವು, ಕೆಲವು ಹಾರುವುದನ್ನೇ ಬಿಟ್ಟವು. ಡಚ್ಚರು ಮಾರಿಷಸ್‌ಗೆ ಬಂದದ್ದು 1598ರಲ್ಲಿ. ನೂರು ವರ್ಷ ತುಂಬುವುದರೊಳಗೆ ಅಲ್ಲಿನ ಹಾರಲಾರದ ಹಕ್ಕಿ ಡೋಡೋ ಇರಲಿಲ್ಲ. ಬೇಟೆ ಒಂದು ಕಡೆಯಾದರೆ, ಹಡಗಿನಿಂದಿಳಿದ ಹಂದಿ, ಇಲಿಗಳು ಅದರ ಮೊಟ್ಟೆಗಳಿಗೆ ಮುತ್ತಿದ್ದವು. ಡೋಡೋ ಪೆದ್ದು ಹಕ್ಕಿಯಾಗಿತ್ತು ಎಂಬ ಅಪಖ್ಯಾತಿ ನನ್ನ ಮಟ್ಟಿಗೆ ಶುದ್ಧ ಅನ್ಯಾಯ.

ಹಾಗಾಗಿ ಎಂಡೆಮಿಕ್ ಜೀವಿಯನ್ನು ಉಳಿಸುವುದೆಂದರೆ ದ್ವೀಪದಲ್ಲಿ ಬಹುಮಟ್ಟಿಗೆ, ಮನುಷ್ಯ ತಂದದ್ದನ್ನು ಹೊರಹಾಕುವ ಕೆಲಸ. ಬೇಲಿ, ಕಾವಲುಗಾರ, ಫಲಕಗಳಿಂದ ಇಲಿ ನಿಲ್ಲುವುದಿಲ್ಲ. ಗ್ಯಾಲಪಗೋಸ್‌ನಲ್ಲಿ ನಾವಿಕರು, ವಲಸಿಗರು ಬಿಟ್ಟ ಮೇಕೆಗಳು ದೈತ್ಯ ಆಮೆಗಳ ಮೇವನ್ನೆಲ್ಲ ಬೋಳಿಸಿದ್ದವು. 1997ರಿಂದ 2006ರವರೆಗೆ ನಡೆದ ಇಸಬೆಲಾ ಯೋಜನೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮೇಕೆಗಳನ್ನು ಕೊಂದರು, ಹಲವನ್ನು ಹೆಲಿಕಾಪ್ಟರಿನಿಂದ ಗುಂಡಿಟ್ಟು. ಕೊನೆಗುಳಿದವು ಕಣ್ಣಿಗೆ ಬೀಳದಾದಾಗ ಕೆಲವು ಮೇಕೆಗಳ ಕೊರಳಿಗೆ ಇರುವ ಜಾಗ ತಿಳಿಸುವ ರೇಡಿಯೋ ಸಾಧನ ಕಟ್ಟಿ ಬಿಟ್ಟರು. ಒಂಟಿಯಾಗಿರಲಾರದ ಮೇಕೆ ಹಿಂಡನ್ನು ಹುಡುಕಿಕೊಂಡು ಹೋಗುತ್ತದೆ, ಬೇಟೆಗಾರರು ಅದರ ಬೆನ್ನು ಹತ್ತುತ್ತಾರೆ. ಓದಲು ಹಿತವಾದ ಸಂಗತಿಯಲ್ಲ. ಆದರೆ ಅರ್ಧಕ್ಕೆ ಬಿಟ್ಟಿದ್ದರೆ ಉಳಿದ ಮೇಕೆಗಳು ಬೇಗನೆ ಮತ್ತೆ ಹೆಚ್ಚುತ್ತಿದ್ದವು, ಆಗ ಅಲ್ಲಿಯವರೆಗಿನ ಸಾವುಗಳೂ ವ್ಯರ್ಥ.

ನೆಲೆಯನ್ನು ಮರಳಿ ಕಟ್ಟುವುದು ಇದಕ್ಕಿಂತ ನಿಧಾನದ ಕೆಲಸ. ಸೇಷೆಲ್ಸ್‌ನ ಕಸಿನ್ ದ್ವೀಪವನ್ನು 1968ರಲ್ಲಿ ಹಕ್ಕಿ ಸಂರಕ್ಷಣೆಗಾಗಿ ಕೊಂಡಾಗ ಅದು ತೆಂಗಿನ ತೋಟವಾಗಿತ್ತು. ಸೇಷೆಲ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಆಗ ಜಗತ್ತಿನಲ್ಲೇ ಮೂವತ್ತಕ್ಕೂ ಕಡಿಮೆ ಉಳಿದಿತ್ತು, ಅಷ್ಟೂ ಅಲ್ಲೇ. ತೆಂಗು ತೆಗೆದು ಸ್ಥಳೀಯ ಮರಗಳು ಬೆಳೆಯಲು ಬಿಟ್ಟರು. ಎಲೆಯಡಿಯ ಹುಳು ತಿನ್ನುವ ಹಕ್ಕಿಗೆ ಬೇಕಿದ್ದದ್ದು ಆ ಎಲೆಗಳೇ. ಕಸಿನ್ ತುಂಬಿದ ಮೇಲೆ, 1988ರಲ್ಲಿ, ಕೆಲವನ್ನು ಅರೀಡ್ ದ್ವೀಪಕ್ಕೆ ಒಯ್ದರು.

ಅಳಿದದ್ದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸುವುದೂ ಉಂಟು. ಮಾರಿಷಸ್‌ನ ಸ್ವಂತ ದೈತ್ಯ ಆಮೆಗಳು ನಿರ್ನಾಮವಾಗಿವೆ. ಅವು ಹಣ್ಣು ತಿಂದು ಬೀಜ ಹರಡದೆ ಅಲ್ಲಿನ ಎಂಡೆಮಿಕ್ ಕರಿಮರದ ಸಸಿಗಳು ತಾಯಿಮರದ ಬುಡದಿಂದಾಚೆ ಹೋಗುತ್ತಿರಲಿಲ್ಲ. ಈಲ್ ಓ ಜೆಗ್ರೆತ್ ಎಂಬ ಪುಟ್ಟ ದ್ವೀಪಕ್ಕೆ ಸೇಷೆಲ್ಸ್‌ನ ಅಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ತಂದು ಬಿಟ್ಟ ಮೇಲೆ ಬೀಜ ಮತ್ತೆ ದೂರಕ್ಕೆ ಸಾಗತೊಡಗಿತು. ಸ್ಥಳೀಯ ಮರವನ್ನು ಉಳಿಸಲು ಹೊರಗಿನ ಪ್ರಾಣಿ! ಶುದ್ಧತೆಯ ಹಟವುಳ್ಳವರಿಗೆ ಇದು ಒಪ್ಪಿಗೆಯಾಗದಿರಬಹುದು. ನನಗೆ ಇದು ಸಂರಕ್ಷಣೆಯ ಅತ್ಯಂತ ಜಾಣ ಉಪಾಯಗಳಲ್ಲೊಂದು ಅನ್ನಿಸುತ್ತದೆ.

ಪದದ ಅರ್ಥವನ್ನು ಎಲ್ಲಕ್ಕಿಂತ ಬಿಗಿಯಾಗಿ ಪರೀಕ್ಷಿಸಿದ್ದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪ. ಎರಡನೇ ಮಹಾಯುದ್ಧದ ಬಳಿಕ ಸರಕಿನೊಳಗೆ ಅವಿತು ಬಂದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳನ್ನು ಬಹುತೇಕ ಮುಗಿಸಿತು. ಕೀಟನಾಶಕವೋ ರೋಗವೋ ಎಂದು ವರ್ಷಗಟ್ಟಲೆ ಹುಡುಕಾಟ ನಡೆದ ಮೇಲೆ, 1980ರ ದಶಕದಲ್ಲಿ ಹಾವಿನ ಮೇಲಿನ ಅನುಮಾನ ಖಚಿತವಾಯಿತು. ಹಾರಲಾರದ ಗುವಾಮ್ ರೇಲ್ ಎಂಬ ಹಕ್ಕಿ, ಅಲ್ಲಿಯವರ ಮಾತಿನಲ್ಲಿ ಕೊಕೊ, ಉಳಿದದ್ದು ಕೊನೆಯ ಕೆಲವನ್ನು ಹಿಡಿದು ಪಂಜರದಲ್ಲಿ ಸಾಕಿದ್ದರಿಂದ. ನೆರೆಯ ರೋಟಾ ಮತ್ತು ಕೋಕೋಸ್ ದ್ವೀಪಗಳಲ್ಲಿ ಬಿಟ್ಟವು ಅಲ್ಲಿ ಮರಿಮಾಡಿದವು. 2019ರಲ್ಲಿ, ಅಳಿವಿನ ಅಪಾಯದ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಘಟನೆ ಐಯುಸಿಎನ್ ಅದನ್ನು 'ಕಾಡಿನಲ್ಲಿ ಅಳಿದ' ಪಟ್ಟಿಯಿಂದ 'ತೀವ್ರ ಅಪಾಯದ' ಪಟ್ಟಿಗೆ ತಂದಿತು. ರೋಟಾದಲ್ಲಿ ಬದುಕುತ್ತಿದ್ದರೂ ಕೊಕೊ ಗುವಾಮ್‌ನ ಎಂಡೆಮಿಕ್ ಹಕ್ಕಿಯೇ, ಏಕೆಂದರೆ ಈ ಲೆಕ್ಕದಲ್ಲಿ ಮನುಷ್ಯ ಒಯ್ದು ಬಿಟ್ಟ ಜಾಗ ಸಹಜ ನೆಲೆಯೆನಿಸುವುದಿಲ್ಲ. ಆ ಸಹಜ ನೆಲೆಯಾದ ಗುವಾಮ್‌ನ ಕಾಡಿನಲ್ಲಿ ಮರಹಾವು ಈಗಲೂ ಇದೆ.