ಮರುಭೂಮಿಯಲ್ಲಿ ಆರ್‌ವಿ: ಒಂದು ಟ್ಯಾಂಕ್ ನೀರು ಎಷ್ಟು ದಿನ?

ಪ್ರಶ್ನೆ: ನಾವು ಫೀನಿಕ್ಸ್‌ನಲ್ಲಿದ್ದೇವೆ. ಜನವರಿಯಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಾರೆ. ಆರ್‌ವಿ, ಅಂದರೆ ಅಡುಗೆಮನೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಮನೆಗಾಡಿ, ಬಾಡಿಗೆಗೆ ತೆಗೆದುಕೊಂಡು ಅರಿಜೋನಾದ ಕ್ವಾರ್ಟ್ಸೈಟ್ ಹತ್ತಿರ ಎರಡು ವಾರ ಇರುವ ಆಸೆ. ನಾಲ್ಕು ಜನಕ್ಕೆ ಟ್ಯಾಂಕ್ ನೀರು ಎಷ್ಟು ದಿನ ಬರುತ್ತದೆ?

ಉತ್ತರ: ಹುಷಾರಾಗಿ ಬಳಸಿದರೆ ನಾಲ್ಕು ದಿನ. ಮನೆಯಲ್ಲಿ ಬಳಸಿದ ಹಾಗೆ ಬಳಸಿದರೆ ಮಾರನೇ ದಿನವೇ ಖಾಲಿ.

ಆದರೆ ನಿಮ್ಮನ್ನು ಅಲ್ಲಿಂದ ಎಬ್ಬಿಸುವುದು ಒಳ್ಳೆ ನೀರಲ್ಲ, ಬಚ್ಚಲ ನೀರು. ಬಾಡಿಗೆ ಗಾಡಿಗಳಲ್ಲಿ ಸಾಮಾನ್ಯವಾಗಿ ಒಳ್ಳೆ ನೀರಿನ ಟ್ಯಾಂಕ್ 150 ಲೀಟರ್ ಆಸುಪಾಸು ಇರುತ್ತದೆ. ಸ್ನಾನ, ಪಾತ್ರೆ ತೊಳೆದ ನೀರು ಸೇರುವ ಗ್ರೇ ಟ್ಯಾಂಕ್ ಅದಕ್ಕಿಂತ ಚಿಕ್ಕದು. ಕುಡಿಯುವ ನೀರನ್ನು ಕ್ಯಾನ್‌ನಲ್ಲಿ ತರಬಹುದು. ತುಂಬಿದ ಗ್ರೇ ಟ್ಯಾಂಕನ್ನು ಮರಳಿಗೆ ಬಿಡುವ ಹಾಗಿಲ್ಲ. ಕೊಳೆ ನೀರಿನ ಟ್ಯಾಂಕ್ ಖಾಲಿ ಮಾಡುವ ಜಾಗ, ಅಂದರೆ ಡಂಪ್ ಸ್ಟೇಷನ್‌ಗೇ ಹೋಗಬೇಕು.

ಅದಕ್ಕೇ ಜಾಗ ಆರಿಸುವಾಗಲೇ ಡಂಪ್ ಸ್ಟೇಷನ್ ನೋಡಿಕೊಳ್ಳಿ. ಕ್ವಾರ್ಟ್ಸೈಟ್‌ನ ದಕ್ಷಿಣಕ್ಕೆ, 95ನೇ ಹೆದ್ದಾರಿ ಪಕ್ಕ ಲಾ ಪೋಸಾ ಅಂತ ಸರ್ಕಾರಿ ಜಮೀನಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರ್ಮಿಟ್ ಪಡೆದು ದೀರ್ಘಕಾಲ ಇರಬಹುದು. ಇಡೀ ಸೀಸನ್‌ಗೆ 180 ಡಾಲರ್, 14 ದಿನಕ್ಕೆ 40 ಡಾಲರ್ ಅಂತ ಬಹಳ ವರ್ಷ ಇತ್ತು. ಈಗಿನ ದರ ಹೊರಡುವ ಮುನ್ನ ನೋಡಿ. ನಲ್ಲಿ, ಡಂಪ್ ಎರಡೂ ಅಲ್ಲೇ ಇವೆ. ಸುತ್ತಮುತ್ತ ಪುಕ್ಕಟೆ ಜಾಗವೂ ಇದೆ, ಆದರೆ ಅಲ್ಲಿ ಬರೀ ಕಲ್ಲು, ಪೊದೆ. ಅಪ್ಪ ಅಮ್ಮ ಜೊತೆಗಿರುವಾಗ ಆ ಸಾಹಸ ಬೇಡ.

ಇನ್ನು ಅಡುಗೆಮನೆ. ನಮ್ಮ ಅಡುಗೆಗೆ ನೀರು ಜಾಸ್ತಿ ಬೇಕು ಅನ್ನುತ್ತಾರೆ. ನಿಜವಾಗಿ ನೀರು ಕುಡಿಯುವುದು ಮುಸುರೆ. ಸಾರಿನ ಪಾತ್ರೆ, ಒಗ್ಗರಣೆ ಸೌಟು, ತಳ ಹಿಡಿದ ಕುಕ್ಕರ್. ಊಟ ಆದ ತಕ್ಷಣ, ಒಣಗುವ ಮೊದಲೇ, ಪೇಪರ್ ಟವೆಲ್‌ನಿಂದ ಒರೆಸಿ ಕಸದ ಚೀಲಕ್ಕೆ ಹಾಕಿ. ಆಮೇಲೆ ಸ್ಪ್ರೇ ಬಾಟಲಿಯಿಂದ ಸೋಪಿನ ನೀರು ಚಿಮುಕಿಸಿ ಉಜ್ಜಿ, ಒಂದು ಚೊಂಬು ನೀರಲ್ಲಿ ಎಲ್ಲವನ್ನೂ ಒಂದಾದ ಮೇಲೊಂದು ತೊಳೆಯಿರಿ. ಎಣ್ಣೆ ಟ್ಯಾಂಕಿಗೆ ಇಳಿಯದಿದ್ದರೆ ನಾಲ್ಕನೇ ದಿನ ಸಿಂಕ್‌ನಿಂದ ವಾಸನೆಯೂ ಅಷ್ಟು ಬರುವುದಿಲ್ಲ. ಸ್ನಾನಕ್ಕೆ ಮೈ ಒದ್ದೆ ಮಾಡಿ ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆಯಿರಿ. ಬಿಸಿನೀರು ಬರುವ ತನಕ ಹರಿಯುವ ತಣ್ಣೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಟಾಯ್ಲೆಟ್‌ಗೆ ಬಳಸಿ.

ಟಾಯ್ಲೆಟ್‌ನ ಬ್ಲ್ಯಾಕ್ ಟ್ಯಾಂಕ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ನೀರು ಕಡಿಮೆಯಾದರೆ ಒಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಡಂಪ್ ಮಾಡುವಾಗ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನೂ ತೊಳೆದುಕೊಂಡು ಹೋಗುತ್ತದೆ.

ಚಳಿಯನ್ನೂ ಮರೆಯಬೇಡಿ. ಜನವರಿ ರಾತ್ರಿ 5 ಡಿಗ್ರಿಗೆ ಇಳಿಯಬಹುದು. ಹೀಟರ್ ಉರಿಯುವುದು ಗ್ಯಾಸ್‌ನಿಂದಲೇ, ಆದರೆ ಅದರ ಫ್ಯಾನ್ ತಿರುಗುವುದು ಬ್ಯಾಟರಿಯಿಂದ. ರಾತ್ರಿಯಿಡೀ ಓಡಿಸಿದರೆ ಬೆಳಗ್ಗೆ ನೀರಿನ ಪಂಪೂ ಅಲ್ಲಾಡುವುದಿಲ್ಲ. ಒಳ್ಳೆ ಕಂಬಳಿ ತನ್ನಿ. ಬೆಚ್ಚಗಾಗಲಿ ಅಂತ ಒಲೆ ಮಾತ್ರ ಹಚ್ಚಿಡಬೇಡಿ, ವಿಷಗಾಳಿ ತುಂಬಿ ಪ್ರಾಣಕ್ಕೇ ಅಪಾಯ. ಮರಳಿನ ಒಣ ಹಳ್ಳ ಸಮತಟ್ಟಾಗಿದೆ ಅಂತ ಅಲ್ಲಿ ಗಾಡಿ ನಿಲ್ಲಿಸಲೂಬೇಡಿ. ದೂರದಲ್ಲೆಲ್ಲೋ ಮಳೆ ಬಂದರೂ ನೀರು ನುಗ್ಗುತ್ತದೆ.

ಡಂಪ್‌ಗೆ ಹೋದ ದಿನವೇ ಕ್ವಾರ್ಟ್ಸೈಟ್ ಊರಿಗೂ ಹೋಗಿಬನ್ನಿ. ಅಲ್ಲಿನ ಸ್ಮಶಾನದಲ್ಲಿ 1902ರಲ್ಲಿ ತೀರಿಕೊಂಡ ಹಾಯ್ ಜಾಲಿಯ ಗೋರಿ ಇದೆ, ತುದಿಯಲ್ಲೊಂದು ಒಂಟೆ. ಅಮೆರಿಕದ ಸೈನ್ಯ ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಬಂದ ಮನುಷ್ಯ ಅವನು. ಅಪ್ಪನಿಗೆ ಇಷ್ಟ ಆಗಬಹುದು.

ಹೊರಡುವ ಮುನ್ನ ಕಪಾಟುಗಳ ಚಿಲಕ ಹಾಕಿ. ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿ ಮೊದಲನೇ ತಿರುವಿನಲ್ಲೇ ಕೆಳಗೆ ಬಿತ್ತು. ಅದನ್ನು ತೊಳೆಯುವುದಕ್ಕೆ ಎಷ್ಟು ನೀರು ಹೋಯಿತು ಅಂತ ಕೇಳಬೇಡಿ.